ತೂತುಗಳ ಲೆಕ್ಕ

ದೇಜಾನ್ ಊರಿನ ಒಂದು ವಿಶ್ವವಿದ್ಯಾಲಯ,
ಎಂಜಿನಿಯರಿಂಗ್ ಕಟ್ಟಡ, ಮೂರನೇ ಮಹಡಿ.
ಹೆಂಗಸರ ಶೌಚಾಲಯದ ಗೋಡೆಯೆದುರು
ಮೂವರು ಹುಡುಗಿಯರು ಮೊಣಕಾಲೂರಿದ್ದಾರೆ.
ಬೊರುಮ್ ಕೈಯಲ್ಲಿ ಟಾರ್ಚು,
ಹೇರಿಮ್ ಕೈಯಲ್ಲಿ ಸಿಲಿಕೋನ್ ಟ್ಯೂಬು,
ಲೆಕ್ಕ ಬರೆಯುವವಳು ದಾಯೂನ್,
ಗಣಿತದ ನೋಟ್‌ಬುಕ್ಕಿನ ಕಡೇ ಹಾಳೆಯಲ್ಲಿ.

ಮೊದಲ ಕೋಣೆ: ಒಂಬತ್ತು.
ಎರಡನೆಯದು: ನಾಲ್ಕು,
ಒಂದು ಚಿಲಕದ ಕೆಳಗೆ, ಸಾಸಿವೆಯಷ್ಟು.
ಸಾಸಿವೆಯಷ್ಟು ಸಾಕು.
ಹೋದ ವರ್ಷ ಅಷ್ಟರೊಳಗಿಂದಲೇ
ಒಬ್ಬ ಇಡೀ ಹುಡುಗಿ ಹಾದುಹೋದಳು
ಯಾರದೋ ಫೋನಿನಿಂದ ಯಾರಯಾರದೋ ಫೋನಿಗೆ.
ಅವಳು ಟಿ.ಸಿ. ತಗೊಂಡು ಊರಿಗೆ ಹೋದಳು.
ಲ್ಯಾಬಿನ ಕೀಲಿ ಇನ್ನೂ ಅವನ ಜೇಬಿನಲ್ಲೇ ಇದೆ.

‘ಅವೆಲ್ಲ ಸ್ಕ್ರೂ ಕಿತ್ತ ತೂತು’ ಎಂದಿತು ಕಚೇರಿ.
ಇರಬಹುದು.
ಅರವತ್ತೊಂದರಲ್ಲಿ ಅರವತ್ತು ಸ್ಕ್ರೂನವೇ ಇರಬಹುದು.
ಯಾವೊಂದು ಅಲ್ಲ ಎಂದು ತಿಳಿಯದೆ
ದಿನಕ್ಕೆ ನಾಲ್ಕು ಸಲ ಕೂತು ಏಳಬೇಕಲ್ಲ.
ಹೇರಿಮ್ ಎರಡನೇ ಸೆಮಿಸ್ಟರಿನಿಂದ
ಕ್ಯಾಂಪಸ್ಸಿನೊಳಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ.

ಗ್ರಂಥಾಲಯದ ಮುಂದೆ ಕೈಬರಹದ ದೊಡ್ಡ ಹಾಳೆ ಅಂಟಿಸಿದರು,
ಮಹಡಿಯ ನಕ್ಷೆ, ತೂತಿಗೊಂದು ಕೆಂಪು ಚುಕ್ಕೆ.
ರಾತ್ರಿ ಹರಿದರು. ಬೆಳಿಗ್ಗೆ ಬರೆದರು.
ಮತ್ತೆ ಹರಿದರು. ಮತ್ತೆ ಬರೆದರು.
ಮೂರನೇ ಸಲ ಹರಿಯಲಿಲ್ಲ, ಒಂದು ಸಾಲು ಗೀಚಿದ್ದರು:
‘ನಿಮ್ಮನ್ನೆಲ್ಲ ಯಾರು ನೋಡುತ್ತಾರೆ?’
ಬೊರುಮ್ ಅದರ ಕೆಳಗೇ ಬರೆದಳು:
‘ನಮ್ಮ ಪ್ರಶ್ನೆಯೂ ಅದೇ. ಯಾರು?’

ಗೋಡೆ ಹೊಲಸಾಯಿತು, ಕೆರೆದು ತೆಗೆಯಿರಿ
ಎಂದು ಕಚೇರಿಯಿಂದ ಆಜ್ಞೆ ಹೊರಟಿತು.
ಬ್ಲೇಡು ಹಿಡಿದು ಬಂದವಳು ಮಾಲ್ಸುನ್.
ಮಾಲ್ ಅಂದರೆ ಕೊನೆ.
ನಾಲ್ಕನೆಯದೂ ಹೆಣ್ಣಾದಾಗ ಅಜ್ಜ ಇಟ್ಟ ಹೆಸರು,
ನಮ್ಮಲ್ಲಿ ಸಾಕಮ್ಮ ಅಂತ ಇಡುವುದಿಲ್ಲವೆ, ಹಾಗೆ.
ಅರವತ್ತೆರಡು ವರ್ಷ, ಸಾಕು ಸಾಕು ಎಂದು ಕರೆದಾಗೆಲ್ಲ
ಬಂದೆ ಎಂದು ಓಗೊಟ್ಟವಳು.

ಹುಡುಗಿಯರು ಗೋಡೆಗೆ ಬೆನ್ನುಕೊಟ್ಟು ಅಡ್ಡ ನಿಂತರು.
ಅವಳು ಅವರ ಹೆಗಲ ಮೇಲಿಂದ ಇಣುಕಿ
‘ಹೀಗಾ ಮೆತ್ತೋದು? ಉಗುರು ತಾಗಿಸಿದರೆ ಎದ್ದು ಬರುತ್ತೆ’
ಎಂದು ಗದರಿ, ಟಿಶ್ಯೂ ಒದ್ದೆ ಮಾಡಿ,
ಬತ್ತಿ ಹೊಸೆದ ಹಾಗೆ ಹೊಸೆದು
ಕಿರುಬೆರಳಿಂದ ಒತ್ತಿ ತೋರಿಸಿದಳು.
‘ಹನ್ನೊಂದು ವರ್ಷದಿಂದ ಮುಚ್ಚುತ್ತಿದ್ದೇನೆ.
ವಾರಕ್ಕೆ ಎರಡು ಹೊಸದು ಬರುತ್ತವೆ.
ರಜೆ ದಿನಗಳಲ್ಲಿ ಬರುವುದಿಲ್ಲ.’

ಸ್ಕ್ರೂಗಳಿಗೂ ರಜೆಯೇ ಎಂದು ಯಾರೂ ನಗಲಿಲ್ಲ.

‘ಯಾರಿಗೂ ಹೇಳಲಿಲ್ಲವಾ ಅಜ್ಜಿ?’
‘ಹೇಳದೆ ಏನು.
ಟಿಶ್ಯೂ ಬಹಳ ಖರ್ಚಾಗುತ್ತಿದೆ ಅಂದರು.’

ಆಮೇಲೆ ಕಡೇ ಬಾಗಿಲ ಬೀಗ ತೆಗೆದಳು.
‘ಸಾಮಾನು’ ಎಂದು ಬರೆದಿದ್ದ ಬಾಗಿಲು,
ಲೆಕ್ಕದವರು ಮೂರು ಸಲ ದಾಟಿ ಹೋಗಿದ್ದು.
ಬಕೆಟ್ಟು, ನಾಲ್ಕು ಮಾಪು, ಬ್ಲೀಚಿನ ಕ್ಯಾನು;
ಮುಚ್ಚಿದ ಕಮೋಡಿನ ಮೇಲೆ ಮಡಿಸಿದ ಕಂಬಳಿ,
ಕಂಬಳಿಯ ಮೇಲೆ ಊಟದ ಡಬ್ಬಿ,
ಮೊಳೆಗೆ ತೂಗಿದ ಮೊಮ್ಮಗಳ ಫೋಟೋ.
ಹನ್ನೆರಡೂವರೆಗೆ ಇಲ್ಲೇ ಅನ್ನ,
ಒಂದು ಗಂಟೆಗೆ ಇಲ್ಲೇ ಗೋಡೆಗೊರಗಿ ಇಪ್ಪತ್ತು ನಿಮಿಷ ನಿದ್ದೆ.
ಪಕ್ಕದ ಕೋಣೆಯಲ್ಲಿ ನೀರು ಬಿಟ್ಟಾಗ ಎಚ್ಚರ.

ಬೊರುಮ್ ಅಭ್ಯಾಸಬಲದಿಂದ ಟಾರ್ಚು ಹಾಯಿಸಿದಳು.
‘ಇಲ್ಲಿ ಒಂದೂ ತೂತಿಲ್ಲ.’
‘ಇಲ್ಲಿ ಯಾರು ನೋಡುತ್ತಾರೆ ಮಗೂ.’

ದಾಯೂನ್ ಆರನೇ ಕೋಣೆ ಎಂದು ಬರೆದು
ಸೊನ್ನೆ ಹಾಕಿದಳು.
ಹೊಡೆದು ಹಾಕಿದಳು.
ಪೆನ್ನು ಹಾಳೆಗೆ ತಾಗಿಸಿಕೊಂಡು ಹಾಗೇ ಇದ್ದಳು,
ಶಾಯಿ ಇಳಿದು ಚುಕ್ಕೆ ದಪ್ಪವಾಗುತ್ತಿತ್ತು.

‘ಬರೆಯುವುದಾದರೆ ಬರಿ,’ ಎಂದಳು ಮುದುಕಿ,
‘ಹೆಸರು ಮಾತ್ರ ಬೇಡ, ಕಂಟ್ರಾಕ್ಟು ಡಿಸೆಂಬರಿಗೆ ಮುಗಿಯುತ್ತೆ.’
ಬ್ಲೇಡನ್ನು ಜೇಬಿಗಿಳಿಸಿ ಬಕೆಟ್ಟು ಎತ್ತಿಕೊಂಡಳು.
ಬಾಗಿಲಲ್ಲಿ ನಿಂತು
‘ಹಾಕಲೇಬೇಕಿದ್ದರೆ ಬೇರೊಂದು ಹಾಕು’ ಎಂದಳು.

‘ಯಾವುದು?’

ಯಾರೂ ಕೇಳಿರಲಿಲ್ಲ ಅದನ್ನು ಇಷ್ಟು ವರ್ಷ.
ಬಕೆಟ್ಟಿನ ನೀರು ಒಂದಿಷ್ಟು ತುಳುಕಿತು.
‘ನಾಳೆ ಹೇಳುತ್ತೇನೆ,’ ಎಂದಳು. ‘ಯೋಚಿಸಬೇಕು.’