ಸಾಲದು ಎಂದು ಅರ್ಜಿ

ಕೂಗಿದ್ದು ಹೆಸರಲ್ಲ, ನಂಬರು.
ಶಿವಮೊಗ್ಗ ಕೋರ್ಟಿನ ಮೆಟ್ಟಿಲ ಮೇಲೆ
ಬೆಳಗಿನಿಂದ ಕೂತು ಕಾಲು ಜೋಮು ಹಿಡಿದಿತ್ತು.

ಮಗಳ ಹಳೇ ನೋಟ್‌ಬುಕ್ಕಿನ ಹಿಂಬದಿಗೆ
ಬರೆದು ತಂದಿದ್ದೆ: ಆಟೋ, ಹಾಲು, ಕೆಮ್ಮಿನ ಔಷಧಿ,
ಮತ್ತೆ ಹಾಲು.
‘ಬಿಲ್ ಇದೆಯಾ?’ ಅಂದರು ಅವನ ಕಡೆ ವಕೀಲರು.
ಹಾಲಿನ ಗಂಗವ್ವ ಗೋಡೆಗೆ ಇದ್ದಿಲಲ್ಲಿ ಗೀಚುತ್ತಾಳೆ, ಸ್ವಾಮಿ.
ಗೋಡೆ ತರಲಾ?

ಯಾರೋ ನಕ್ಕರು. ಹಾಲೇಶ ನಗಲಿಲ್ಲ,
ತನ್ನ ಚಪ್ಪಲಿ ನೋಡಿಕೊಂಡ.
ಅವಳದೂ ಅದೇ ಪಾದ,
ಹೆಬ್ಬೆರಳಿಗಿಂತ ಪಕ್ಕದ್ದು ಉದ್ದ.
ವರ್ಷಕ್ಕೆರಡು ಸಲ ಶೂ ಹರಿಯುವುದು ಅಲ್ಲೇ.
ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ.

ಎರಡೂವರೆ ಸಾವಿರ ಹಾಗೇ ಉಳಿಯಿತು, ಹದಿನೇಳನೇ ತಾರೀಖಿನವರೆಗೆ.

ಭದ್ರಾವತಿಯ ಸರ್ಕಾರಿ ಬಸ್ಸಲ್ಲಿ ಕಂಡಕ್ಟರು
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ.
ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡೆ.
ಇರಲಿ, ಒಂದಾದರೂ ಬಿಲ್ಲು.