ಲೆಕ್ಕ ಶೀರ್ಷಿಕೆ

ಸಂಜಿ ನಾಕೂ ನಲವತ್ತಕ್ಕ ಬಂತು ರೊಕ್ಕ.
ಮಾರ್ಚ್ ಮೂವತ್ತೊಂದು.
ಮುಂಡರಗಿ ಕಾಲೇಜಿನ ಲೆಕ್ಕದ ಖೋಲಿಯೊಳಗ
ಫ್ಯಾನು ತಿರುಗತಿತ್ತು, ಗಾಳಿ ಇರಲಿಲ್ಲ,
ಗುಡ್ಡದ ಮ್ಯಾಲಿನ ಗಾಳಿಗಂಬಗಳು
ಇದ್ದಬದ್ದ ಗಾಳೀನೆಲ್ಲಾ ತಾವೇ ಇಟಗೊಂಡಂಗ.

ಎರಡು ಲಕ್ಷ ನಲವತ್ತು ಸಾವಿರ.
ರಾತ್ರಿ ಹನ್ನೆರಡರೊಳಗ ಬಿಲ್ ಆಗಬೇಕು,
ಇಲ್ಲಂದ್ರ ಬಂದ ದಾರೀಲೇ ಹೊಳ್ಳಿ ಹೊಕ್ಕೈತಿ,
ಹೊಸ್ತಿಲದಾಗ ನಿಂತು, ಚಪ್ಪಲೀನೂ ಬಿಡದ
ಹೊಂಟು ಹೋಗೋ ಬೀಗರಂಗ.

ಮೂರು ವರ್ಷದಿಂದ ನಾವು ಬೇಡಿದ್ದು
ಒಂದು ಸ್ಪೆಕ್ಟ್ರೋಮೀಟರ್, ಆರು ಪ್ರಿಜಮ್ಮು,
ಒಂದು ಸೋಡಿಯಂ ದೀಪ.
ಪತ್ರ ನಾನೇ ಟೈಪ್ ಮಾಡೀನಿ, ಐದು ಸಲ.
ಐದನೇದಕ್ಕ "ಮಾನ್ಯರೆ" ಅಂತ ಬರದ ಮ್ಯಾಲೆ
ಬೆರಳು ಒಂದು ಗಳಿಗಿ ನಿಂತಿದ್ವು.
ಬಂದ ಆದೇಶದಾಗ ಹಿಂಗಿತ್ತು:
ಲೆಕ್ಕ ಶೀರ್ಷಿಕೆ, ಪೀಠೋಪಕರಣ.
ಸದರಿ ಮೊತ್ತವನ್ನು ಅನ್ಯ ಉದ್ದೇಶಕ್ಕೆ ಬಳಸತಕ್ಕದ್ದಲ್ಲ.

ಕುಂದ್ರಾಕ ರೊಕ್ಕ ಬಂದೈತಿ.
ಕುಂತು ಏನ ನೋಡಬೇಕು, ಅದಕ್ಕ ಬಂದಿಲ್ಲ.

"ಇರಲಿ ತಗೋರಿ, ಬೆಂಚರೆ ಬರಲಿ" ಅಂದ್ರು ಹೊಂಬಳ ಸರ್
ಕನ್ನಡಕ ಒರಸಿಕೋತ.
ಒರಸಿದ್ದನ್ನ ಮತ್ತ ಒರಸಿದ್ರು.

ಅವತ್ತ ಮುಂಜಾನೆ
ಡಂಬಳದ ಆಫ್ರೀನ್ ನದಾಫ ಪರೀಕ್ಷಾ ಫೀ ತಂದಿದ್ಲು,
ಎಲ್ಲಾ ಹತ್ತು ರೂಪಾಯಿ ನಾಣ್ಯ.
"ಬಜಾರದಾಗ ಯಾರೂ ಮುಟ್ಟೂದಿಲ್ಲರಿ ಮೇಡಂ,
ಗಾದಿ ತುಂಬಿದ್ದಕ್ಕ ಅಪ್ಪಗ ಇವನ್ನ ಕೊಟ್ಟು ಕಳಸ್ಯಾರ."
ಕಿಡಕಿ ಕಟ್ಟಿ ಮ್ಯಾಲ ಹತ್ಹತ್ತು ಪೇರಿಸಿದ್ಲು.
ಹನ್ನೊಂದು ಗುಂಪಿ, ಮ್ಯಾಲ ಎಂಟು.
ನಾ ಎಣಿಸಲಿಲ್ಲ. ಆಕೀನೇ ಎಣಿಸಿದ್ಲು, ನನಗ ಕೇಳೂವಂಗ.
ಸಿಂಹದ ಮುದ್ರಿ ಹೊತ್ತದ್ದನ್ನ
ಸರಕಾರೀ ಕಿಡಕಿಯರೆ ತಗೋಬೇಕಲ್ಲ?
ಎರಡು ನಿಮಿಷದಾಗ ಪಾವತಿ ಹರದು ಕೊಟ್ಟೆ.
ಒಂದು ನಾಣ್ಯಕ್ಕ ಹತ್ತಿಯ ಎಳಿ ಅಂಟಿತ್ತು.

ಅನುದಾನ ಅಂತಾರ ಇದಕ್ಕ.
ಇಪ್ಪತ್ತೆರಡು ವರ್ಷ ಬರದೀನಿ ಈ ಶಬ್ದ.
ಆ ರಾತ್ರಿ ಸರ್ವರ್ ತಿರುಗೂದು ನೋಡಿಕೋತ ಕುಂತಾಗ
ಮೊದಲನೇ ಸಲ ಒಡದು ನೋಡಿದೆ,
ಶೇಂಗಾ ಒಡದಂಗ. ಒಳಗ ದಾನ ಇತ್ತು.
ಯಾರು, ಯಾರಿಗೆ?
ಸಾಬೂನಿನ ಮ್ಯಾಲ, ಬೀಡಿ ಮ್ಯಾಲ,
ಗಾದಿ ಹೊಲಿಯೂ ದಾರದುಂಡಿ ಮ್ಯಾಲ
ಡಂಬಳದವರು ಕಟ್ಟಿದ್ದೇ ಅಲ್ಲೇನ ಅದು,
ಮುಂಡರಗಿಗೆ ಮುಟ್ಟಾಕ
ಬೆಂಗಳೂರು ಸುತ್ತಿ ಬಂದದ್ದು?

ಶಬ್ದ ಒಡಿಯೂ ಚಟ ಇಂದುಮತಿ ಮೇಡಂ ಕಲಿಸಿದ್ದು.
ತಿಥಿ ಇಲ್ಲದವರು ಅತಿಥಿ, ಅಂತಾರ ನಕ್ಕೋತ.
ಹನ್ನೊಂದು ವರ್ಷದಿಂದ ನಮ್ಮಲ್ಲಿ ಅತಿಥಿ ಉಪನ್ಯಾಸಕಿ.
ಪಗಾರಕ್ಕ ತಿಥಿ ಇಲ್ಲ,
ಬ್ಯಾಸಗಿ ಬಂದ್ರ ಕೆಲಸಕ್ಕೂ ಇಲ್ಲ.
ವರ್ಣಪಟಲದ ಪಾಠ ಇದ್ದ ದಿನ
ಬೋರ್ಡಿನ ಮ್ಯಾಲ ಏಳು ಪಟ್ಟಿ ಎಳೀತಾರ.
ಸೀಮೆಸುಣ್ಣ ಒಂದೇ ನಮೂನಿ.
ಕೆಂಪು ಇದು, ಇದು ನೀಲಿ ಅಂತ ಬಟ್ಟಿಟ್ಟು ತೋರಸ್ತಾರ,
ಹುಡುಗ್ರು ಬರಕೋತಾರ.
ಏಳೂ ಬಿಳಿ.

ಹನ್ನೊಂದೂ ಇಪ್ಪತ್ತಕ್ಕ ಓಟಿಪಿ ಬಂತು
ಹೊಂಬಳ ಸರ್ ಫೋನಿಗೆ. ರೇಂಜ್ ಸಿಗೂದು ಟಾಕಿ ಮ್ಯಾಲೆ ಮಾತ್ರ.
ದಾವಲಸಾಬ ಬ್ಯಾಟ್ರಿ ಹಿಡದ, ಸರ್ ಹತ್ತಿದ್ರು,
ಮ್ಯಾಲಿಂದ ಕೂಗಿದ್ರು: ನಾಕು! ಏಳು! ಏಳು! ಸೊನ್ನಿ!
ಓಣಿ ನಾಯಿಗಳೆಲ್ಲಾ ಎದ್ದು ಬೊಗಳಿದ್ವು.
ಬಿಲ್ ಹೋತು. ದಾವಲಸಾಬ ಚಾ ತಂದ.
ಯಾಕ ಖುಷಿ ಆತೋ, ಖುಷಿಯಂತೂ ಆತು.

ಜೂನಿನಾಗ ಬೆಂಚು ಬಂದ್ವು, ನಲವತ್ತು.
ಇಡಾಕ ಖೋಲಿ ಇಲ್ಲ.
ಭೌತಶಾಸ್ತ್ರದ ಲ್ಯಾಬ್ ಹೆಂಗೂ ಖಾಲಿ ಇತ್ತು,
ಅಲ್ಲೇ ಒಟ್ಟೀವಿ, ಒಂದರ ಮ್ಯಾಲೊಂದು,
ಪ್ಲಾಸ್ಟಿಕ್ ಹಾಳಿ ಸುದ್ದಾ ಬಿಚ್ಚಿಲ್ಲ.

ಇವತ್ತ ವಿನಿಯೋಗ ಪ್ರಮಾಣಪತ್ರ ಕಳಸೂ ಕಡೀ ದಿನ.
ಮಂಜೂರಾದ ಉದ್ದೇಶಕ್ಕಾಗಿಯೇ ಬಳಸಲಾಗಿದೆ ಎಂದು ದೃಢೀಕರಿಸಲಾಗಿದೆ.
ಸುಳ್ಳಲ್ಲ. ಒಂದಕ್ಷರಾನೂ ಸುಳ್ಳಲ್ಲ.
ಸರ್ ಸಹಿ ಆಗೇತಿ, ಶಿಕ್ಕಾ ಒತ್ತೂದು ನಾನು.

ಕಿಡಕಿ ಹೊರಗ ಆಫ್ರೀನ್ ನಿಂತಾಳ,
ಚೀಲ ಒಂದು ಕಡೆ ಜೋತು ಬಿದ್ದೈತಿ, ಭಾರಕ್ಕ.
ಮುಂದಿನ ಸೆಮಿಸ್ಟರಿನ ಫೀ.
ನಾಳೆ ಬಾ ಅನ್ನೂ ಅಧಿಕಾರ ನನಗೈತಿ.

ಶಿಕ್ಕಾ ಬಾಜೂಕಿಟ್ಟು
ಪಾವತಿ ಪುಸ್ತಕ ತಗದೆ.
ಎಣಸವ್ವಾ, ಅಂದೆ.