ಅದೇ ಐವತ್ತೆರಡು

ಕುರ್ಚಿ ಎಳೆದುಕೊಳ್ಳುವ ಮೊದಲೇ ಎಲಾದಿಯೋ
"ನನ್ನ ಪಾಲಿಗೆ ತೊಂಬತ್ತು ಸಾವಿರ ಯೂರೋ" ಎಂದುಬಿಟ್ಟ.
ಅಲ್ಲಿಗೆ ಲಂಗರು ಬಿತ್ತು.
ಆಮೇಲೆ ಮೂರು ತಾಸು ನಾವು ಮೂವರೂ
ಅದರ ಹಗ್ಗ ಬಿಟ್ಟಷ್ಟು ದೂರವೇ ಈಜಿದ್ದು.

ಜಗಳ ಒಂದು ತೆಪ್ಪದ್ದು. ಅರೌಸಾ ಕೊಲ್ಲಿಯಲ್ಲಿ
ನೀಲಗಿರಿ ಮರದ ತೊಲೆ, ಇಳಿಬಿಟ್ಟ ಐನೂರು ಹಗ್ಗ,
ಹಗ್ಗದ ತುಂಬ ಕಚ್ಚಿಕೊಂಡ ಕಪ್ಪು ಚಿಪ್ಪು.
ಉಷಿಯಾ ಅವನ ದೊಡ್ಡಪ್ಪನ ಮಗಳು.
"ಅವನರ್ಧ ಎಷ್ಟಕ್ಕೆ ಕೊಳ್ಳುತ್ತೀ?"
"ಮೂವತ್ತು."
"ನಿನ್ನರ್ಧ ಮಾರುವುದಾದರೆ?"
"ಎಂಬತ್ತು. ಅಪ್ಪ ಕಟ್ಟಿದ್ದು."
ಅದೇ ತೊಲೆ, ಅದೇ ಚಿಪ್ಪು.
ನಡುವಿನ ಐವತ್ತು ಯಾವ ನೀರಲ್ಲಿ ಬೆಳೆಯಿತೋ.

ಕೊನೆಗೆ ಅವನ ಚೀಟಿ ಬಂತು: ಐವತ್ತೆರಡು.
ಓದಿದವಳೇ ನಕ್ಕಳು:
"ಅವನೇ ಇಳಿದನೆಂದರೆ ತೊಲೆಗೆ ಹುಳು ಹಿಡಿದಿದೆ."

ಕಾಫಿ ಆದಮೇಲೆ ಅದೇ ಐವತ್ತೆರಡನ್ನು
ಈಗಷ್ಟೇ ಹೊಳೆಯಿತೆಂಬಂತೆ
ನನ್ನ ಬಾಯಿಂದ ಮೆಲ್ಲಗೆ ಮೇಜಿನ ಮೇಲಿಟ್ಟೆ.
ಸರಿ ಎಂದಳು. ಕೈಯನ್ನೂ ಕುಲುಕಿದಳು.
ಸುಳ್ಳು ಹೇಳಲಿಲ್ಲ ನಾನು.
ಯಾರ ಅಂಕಿ ಅಂತ ಅವಳು ಕೇಳಲಿಲ್ಲ, ಅಷ್ಟೆ.

ಮನೆಯಲ್ಲಿ, ಬ್ರೆಡ್ಡಿನ ಡಬ್ಬಿಗೆ ಒರಗಿಸಿಟ್ಟ
ನನ್ನ ತಮ್ಮನ ಪತ್ರ,
ಏಳು ವಾರವಾಯಿತು, ಒಡೆದಿಲ್ಲ.
ಅವನು ಬರೆದದ್ದು ತಾನೇ,
ಎಷ್ಟಿದ್ದರೂ ಕಡಿಮೆಯೇ.